ಮರಿಯಮ್ಮನ ಗಾಡಿಗೆ ದೊಡ್ಡತ್ತೆ ಗಾರ್ಡು

ಪೀ...ಪ್! ಈಗಲೂ ಎಲ್ಲಾದರೂ ಗಾರ್ಡಿನ ಸೀಟಿ ಕೇಳಿದರೆ ನನಗೆ ನೆನಪಾಗುವುದು ರೈಲಲ್ಲ, ಮಾತೆ ಮರಿಯಮ್ಮ! ನಗಬೇಡಿ. ತೊಂಬತ್ತರ ದಶಕದಲ್ಲಿ ಬರೋಡದ ಗೋರ್ವಾದಲ್ಲಿ ಮರಿಯಮ್ಮನ ಮೆರವಣಿಗೆ ಹೊರಡುತ್ತಿದ್ದುದೇ ಆ ಸೀಟಿಗೆ. ಊದುತ್ತಿದ್ದವರು ನಮ್ಮ ಯಜಮಾನರ ದೊಡ್ಡಮ್ಮ, ನನಗೆ ದೊಡ್ಡತ್ತೆ. ರೈಲ್ವೆ ಗಾರ್ಡಾಗಿದ್ದ ಗಂಡ ತೀರಿಕೊಂಡಾಗ ಅವರು ಹಟ ಹಿಡಿದು ಉಳಿಸಿಕೊಂಡದ್ದು ಎರಡೇ ವಸ್ತು: ಆ ಸೀಟಿ, ಒಂದು ಹಸಿರು ಬಾವುಟ.

ಮೇ ನಮಗೆ ಮರಿಯಮ್ಮನ ತಿಂಗಳು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಮೇ ಎಂದರೆ ‘ಸ್ಪ್ರಿಂಗ್, ಸ್ಪ್ರಿಂಗ್’ ಎಂದು ನಮ್ಮಿಂದ ಹಾಡಿಸಿದ್ದರು. ಬರೋಡದ ಮೇ ತಿಂಗಳನ್ನು ಅವರು ಕಂಡಿರಲಿಲ್ಲ, ಪಾಪ! ಆ ಉರಿಯಲ್ಲೂ ಅರಳುವ ಧೈರ್ಯ ಇದ್ದದ್ದು ಮೊಗ್ರಾ ಮಲ್ಲಿಗೆಗೆ ಮತ್ತು ದೊಡ್ಡತ್ತೆಗೆ. ತಿಂಗಳ ಕಡೆಯ ದಿನ ಸಂಜೆ ಐದಕ್ಕೆ ಸರಿಯಾಗಿ ಬಿಳಿ ಫ್ರಾಕಿನ ಮಕ್ಕಳು ಚರ್ಚಿನ ಗೇಟಿನಿಂದ ಅಂಗಳದಲ್ಲಿ ಕಲ್ಲು ಜೋಡಿಸಿ ಕಟ್ಟಿದ ಮರಿಯಮ್ಮನ ಗವಿಯವರೆಗೆ ನಡೆಯಬೇಕು. ಒಬ್ಬಳು ಸ್ಟೂಲು ಹತ್ತಿ ಅಲ್ಲಿನ ಮರಿಯಮ್ಮನ ಪ್ರತಿಮೆಯ ತಲೆಗೆ ಹೂವಿನ ಕಿರೀಟ ಇಡಬೇಕು.

ಒಂದು ವರ್ಷ ಫಾದರ್ ಮೂರು ನಿಮಿಷ ತಡ. ದೊಡ್ಡತ್ತೆ ಬಾವುಟ ಬೀಸಿದರು, ಮಕ್ಕಳು ಹೊರಟೇಬಿಟ್ಟರು! ಗುಜರಾತಿ ಫಾದರ್ ನಿಲುವಂಗಿ ಎತ್ತಿ ಹಿಡಿದು “ಮಾಸಿ, ಏಕ್ ಮಿನಿಟ್!” ಎಂದು ಓಡಿಬಂದರು.

“ಗಾಡಿ ಛೂಟ್ ಗಯಾ ಫಾದರ್! ಅಗಲೇ ಸ್ಟೇಷನ್ ಪೆ ಚಢ್ ಜಾವೋ!”

ಗಾಡಿ ಹೊರಟಾಯಿತು, ಮುಂದಿನ ಸ್ಟೇಷನ್ನಿನಲ್ಲಿ ಹತ್ತಿಕೊಳ್ಳಿ ಅಂತ! ಮುಂದಿನ ಸ್ಟೇಷನ್ ಅಂದರೆ ದಾರಿಯ ನಡುವಿನ ಬೇವಿನ ಮರ.

ಕಿರೀಟ ಇಡುವ ಹುಡುಗಿಗೂ ವೇಟಿಂಗ್ ಲಿಸ್ಟು! ನನ್ನ ಮಗಳು ಲೀನಾ ಎರಡು ವರ್ಷ ಕಾದಳು. ಶಿಫಾರಸಿಗೆ ಹೋದ ನನಗೆ ದೊಡ್ಡತ್ತೆ, “ಸೊಸೆ ಅಂತ ಕೋಟಾ ಇಲ್ಲ ಕಣೇ” ಎಂದರು. ಮೂರನೆಯ ವರ್ಷ ಕನ್‌ಫರ್ಮ್ ಆಯಿತು. ಆಗಲೇ ಬ್ಯಾಂಕಿನವರು ನಮ್ಮವರನ್ನು ಸೂರತ್ತಿಗೆ ಎತ್ತಿಹಾಕಬೇಕೆ? ತಿಂಗಳು ಮುಗಿಯುವ ಮೊದಲೇ ಹೊರಡಬೇಕು. ಹುಡುಗಿ ಹೊಸ ಫ್ರಾಕು ಅವುಚಿಕೊಂಡು ಅತ್ತದ್ದೇ ಅತ್ತದ್ದು.

“ಈ ಸಲ ಸ್ವಲ್ಪ ಮುಂಚೆ ಮಾಡಿಬಿಡಿ ದೊಡ್ಡತ್ತೆ.”

“ಗಾಡಿ ಲೇಟಾದರೆ ಜನ ಬೈತಾರೆ, ಅಷ್ಟೆ. ಟೈಮಿಗೆ ಮುಂಚೆ ಬಿಟ್ಟರೆ ಗಾರ್ಡಿನ ಕೆಲಸವೇ ಹೋಗತ್ತೆ!” ಬಾಗಿಲು ಹಾಕಿಕೊಂಡರು.

ಹೊರಡುವ ಹಿಂದಿನ ಸಂಜೆ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದೆ. ಪೀ...ಪ್! ಮನೆಯ ಮುಂದೆ ಹಸಿರು ಬಾವುಟ. ಅದರ ಹಿಂದೆ ಬಿಳಿ ಫ್ರಾಕಿನ ಸಾಲು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ರಾ ಕಿರೀಟ.

“ದೊಡ್ಡತ್ತೆ! ಬಿಫೋರ್ ಟೈಮ್?”

“ಇದು ಸ್ಪೆಷಲ್ ಗಾಡಿ ಕಣೇ. ಮಾಮೂಲಿನದು ಮೂವತ್ತೊಂದಕ್ಕೇ ಹೋಗತ್ತೆ. ಎರಡು ಕಿರೀಟ ಇಟ್ಟರೆ ಮರಿಯಮ್ಮ ಬೇಡ ಅಂತಾಳಾ?”

ಗವಿಯಲ್ಲಿ ಲೀನಾ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತರೂ ಸರಿಯಾಗಿ ಎಟುಕದೆ, ಕಿರೀಟ ಮರಿಯಮ್ಮನ ಎಡಗಿವಿಗೆ ಜಾರಿತು. ಮಗು ಅಳುಮುಖ ಮಾಡಿತು.

“ಇರಲಿ ಬಿಡು ಮರಿ,” ಎಂದರು ದೊಡ್ಡತ್ತೆ. “ಈ ಸೆಕೆಗೆ ಯಾರ ತಲೇಲಿ ಹೂ ನೆಟ್ಟಗೆ ನಿಲ್ಲತ್ತೆ?”

ಸೂರತ್ ಎಷ್ಟು ದೂರ? ಎರಡೂವರೆ ಗಂಟೆ ದಾರಿ. ಮುಂದಿನ ತಿಂಗಳು ಹೋಗಿ ನೋಡೋಣ, ಅದರ ಮುಂದಿನ ತಿಂಗಳು ನೋಡೋಣ ಎನ್ನುತ್ತಲೇ ಇದ್ದೆ. ಹಾಗಾಗಿ ನಾನು ಅವರನ್ನು ಕಡೆಯದಾಗಿ ಕಂಡದ್ದು ಆ ಮರುದಿನ, ಬರೋಡ ಸ್ಟೇಷನ್ನಿನಲ್ಲಿ. ಗಾಡಿ ಹೊರಡುವ ಹೊತ್ತು ಮೀರಿತ್ತು. ನಮ್ಮವರು ವಾಚು ನೋಡಿ ಗೊಣಗಿದರು. ದೊಡ್ಡತ್ತೆಯಿಂದ ರೈಲ್ವೆಗೆ ಈಗ ಮಂಗಳಾರತಿ ಶುರು ಎಂದು ನಾನು ಕಾದೆ. ದೊಡ್ಡತ್ತೆ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಲೀನಾಳ ಬೆರಳು ಹಿಡಿದು ನಿಂತಿದ್ದರು.

“ಲೇಟಾಗಲಿ ಬಿಡೋ,” ಎಂದರು. “ಇನ್ನೊಂದು ಹತ್ತು ನಿಮಿಷ ನಿಂತಿರಲಿ.”