ಅತ್ತೆ ನಡೆಸಿದ ಆಕಾಶಯುದ್ಧ

ಗಡಿನಾಡಿನ ಜತ್ತ ತಾಲ್ಲೂಕಿನ ಅಂಜುಬುರುಕರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದರೆ ನಮ್ಮ ಅತ್ತೆ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಆದರೆ ಮುಂದೆ ನಿಲ್ಲುವುದಕ್ಕೂ ಅವಳಿಗೆ ಅಂಜಿಕೆ! ಅಪ್ಪನ ಅಕ್ಕ ಈಕೆ. ಹಲ್ಲಿಗೆ ಅಂಜುತ್ತಾಳೆ, ಹಿಮ್ಮುಖವಾಗಿ ಬರುವ ಎಸ್‌ಟಿ ಬಸ್ಸಿಗೆ ಅಂಜುತ್ತಾಳೆ, ಸರಕಾರಿ ಕಾಗದದ ಮೇಲೆ ದುಂಡನೆಯ ಶಿಕ್ಕಾ ಕಂಡರೆ ಅಂಜುತ್ತಾಳೆ. ಫೋನು ಮೂರನೆಯ ಸಲ ರಿಂಗಾಯಿತೆಂದರೆ ಯಾರೋ ತೀರಿಹೋಗಿದ್ದಾರೆಂದೇ ತಿಳಿದು ಗೋಡೆಗೆ ಒರಗಿ ಕೂತುಬಿಡುತ್ತಾಳೆ. ಇಂಥವಳು ಮೂವತ್ತು ವರ್ಷಗಳಿಂದ ಆಕಾಶದಲ್ಲಿ ಯುದ್ಧ ನಡೆಸುತ್ತಿದ್ದಾಳೆ ಎಂದರೆ ನೀವು ನಂಬುತ್ತೀರಾ? ನಂಬಬೇಕು. ಆ ಯುದ್ಧಕ್ಕೆ ನಾನೇ ಹಳೆಯ ಸಾಕ್ಷಿ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಈ ವರ್ಷ ನನ್ನ ಗಂಟಲಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮಿರಜದ ಡಾಕ್ಟರು ನೋಡಿ, ತೆಗೆಯಲೇಬೇಕು, ಆದರೆ ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗಿದೆ, ದನಿ ಉಳಿದೀತು, ಹೋದರೂ ಹೋದೀತು ಎಂದರು. ನಾನು ಇಲ್ಲಿನ ಒಂದು ಕನ್ನಡ ಶಾಲೆಯ ಮಾಸ್ತರ. ಸುತ್ತ ಮರಾಠಿ ಇರುವಲ್ಲಿ ಕನ್ನಡ ಕಲಿಸುವ ಮಾಸ್ತರನ ಹತ್ತಿರ ದನಿ ಬಿಟ್ಟರೆ ಇನ್ನೇನಿರುತ್ತದೆ? ಅಂದಿನಿಂದ ಅಂಜುಬುರುಕರ ಸಾಲಿನಲ್ಲಿ ಅತ್ತೆಯ ಬೆನ್ನಿಗೇ ನನ್ನ ಪಾಳಿ ಬಂತು.

ಸೋನ್ಯಾಳದಲ್ಲಿ ಅತ್ತೆಯದೊಂದು ಹಿಟ್ಟಿನ ಗಿರಣಿ ಇದೆ. ಮಾವ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಬೆಲ್ಟು ಎಲ್ಲಿ ಕೈ ಎಳೆದುಕೊಂಡೀತೋ ಎಂದು ಮಾರು ದೂರ ನಿಂತು ಕೋಲಿನಿಂದ ಸ್ವಿಚ್ಚು ಒತ್ತುತ್ತಾಳೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅಲ್ಲೇ ಕೂತು ವಿಜ್ಞಾನದ ಪುಸ್ತಕ ಓದುತ್ತಿದ್ದೆ. ಅತ್ತೆ ಬಗ್ಗಿ ಚಿತ್ರ ನೋಡಿದಳು.

"ಇದ್ಯಾರ ಗಿರಣಿ ಕಲ್ಲೊ ತಮ್ಮಾ?"

"ಅದು ಶನಿ ಗ್ರಹ ಅತ್ತಿ. ಸುತ್ತ ಇರೂದು ಉಂಗುರ."

ಶನಿ ಎಂದ ಕೂಡಲೇ ಪುಸ್ತಕ ಮುಚ್ಚಿ, ಹಣೆಗೆ ಒತ್ತಿಕೊಂಡು ವಾಪಸ್ಸು ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಮಂದಿ ಇದ್ರ ಅವರಿಗೆ ಅಂಜಿಕಿ ಬರೂದಿಲ್ಲೇನ?" ಎಂದಳು.

"ಅಲ್ಲಿ ಯಾರೂ ಇಲ್ಲ."

"ಇದ್ರ ಅಂದ್ನೆಪ್ಪ."

ಹೀಗೆ ಅತ್ತೆ ಹೇಳುವ ಕತೆಯಲ್ಲಿ ಹುಟ್ಟಿದವನು ದಳವಾಯಿ. ಭೂಮಿಯ ಮೇಲೆ ಜಾಗ ಸಾಲದೆ ಹಡಗುಗಳಲ್ಲಿ ಆಕಾಶಕ್ಕೆ ಹೊರಟುಹೋದ ಒಂದು ಕುಲಕ್ಕೆ ಅವನು ನಾಯಕ. ಅವನಿಗೊಬ್ಬ ಶತ್ರು, ಅವನಿಗೂ ಹಡಗುಗಳು. ಇಬ್ಬರೂ ಚುಕ್ಕಿ ಚುಕ್ಕಿಗೆ ಬಡಿದಾಡುತ್ತಾರೆ. "ದಳವಾಯಿಗಿ ಅಂಜಿಕಿ ಅನ್ನೂದ ಗೊತ್ತಿಲ್ಲ." ಪ್ರತಿ ದಿನ ಕತೆ ಶುರುವಾಗುವುದು ಈ ಮಾತಿನಿಂದಲೇ.

ಗಿರಣಿ ತಿರುಗುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ಕತೆ ನಡೆಯುವುದು ಒಬ್ಬರ ಹಿಟ್ಟು ಇಳಿದು ಇನ್ನೊಬ್ಬರ ಡಬ್ಬಿ ಸುರಿಯುವ ಸಂದಿನಲ್ಲಿ ಮಾತ್ರ. ದಳವಾಯಿ ಕತ್ತಿ ಎತ್ತಿದನೆನ್ನಿ, ಅದು ಕೆಳಗೆ ಬೀಳಬೇಕಾದರೆ ಯಾರದೋ ಹತ್ತು ಕಿಲೋ ಜೋಳ ನುಣ್ಣಗಾಗಬೇಕು. ಅಷ್ಟರತನಕ ಪಾಳಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರುತ್ತಾರೆ. "ನಿಮ್ಮದ ಹಾಕ್ರಿ ವೈನಿ, ನಂದೇನು ಗಡಿಬಿಡಿ ಇಲ್ಲ" ಎಂದು ಪಾಳಿ ಬಿಟ್ಟುಕೊಡುವ ಔದಾರ್ಯವನ್ನು ನಾನು ಜಗತ್ತಿನ ಇನ್ನಾವ ಗಿರಣಿಯಲ್ಲೂ ಕಂಡಿಲ್ಲ.

ಒಮ್ಮೆ ದಳವಾಯಿ ಮೂರು ವಾರ ಹೋರಾಡಿ ಒಂದು ಚುಕ್ಕಿಯನ್ನೇ ಗೆದ್ದ. ಶತ್ರು ಓಡಿದ. ನಾವೆಲ್ಲ ಉಸಿರು ಬಿಟ್ಟೆವು. ಮುಂದಿನ ಡಬ್ಬಿ ಮುಗಿಯುವಷ್ಟರಲ್ಲಿ ಚುಕ್ಕಿ ಕೈಬಿಟ್ಟಿತ್ತು. ಯಾಕೆ? ಗೆದ್ದ ಹುರುಪಿನಲ್ಲಿ ದಳವಾಯಿ ಸಾತಬಾರಾ ಉತಾರಕ್ಕೆ, ಎಂದರೆ ಜಮೀನಿನ ಪಹಣಿಗೆ, ತನ್ನ ಹೆಸರು ಹಚ್ಚಿಸುವುದನ್ನು ಮರೆತಿದ್ದ! ಸೋತು ಓಡುತ್ತಿದ್ದ ಶತ್ರು ದಾರಿಯಲ್ಲೇ ಊರ ಜಮೀನಿನ ಲೆಕ್ಕ ಬರೆಯುವ ತಲಾಠಿಯ ಕಡೆ ಹೋಗಿ, ಆ ಜಮೀನು ತನ್ನದೆಂದು ಕಾಗದ ಮಾಡಿಸಿಕೊಂಡಿದ್ದ.

"ಅತ್ತಿ, ಆಕಾಶದಾಗ ತಲಾಠಿ ಎಲ್ಲಿಂದ ಬಂದ?"

"ಜಮೀನ ಇದ್ದಲ್ಲಿ ತಲಾಠಿ ಇರ್ತಾನ. ಇಷ್ಟ ಸಾಲಿ ಕಲತಿ, ಇದ ಗೊತ್ತಿಲ್ಲೇನ?"

ನನ್ನನ್ನು ಬಿಟ್ಟು ಯಾರೂ ನಗಲಿಲ್ಲ. ಇಬ್ಬರು ಹೆಂಗಸರು ಹಿಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ, ಟ್ರಂಕು ತೆಗೆದು ತಮ್ಮ ಹೊಲದ ಉತಾರ ನೋಡಿಕೊಂಡು ಬಂದರು.

ಆದರೆ ಊರೇ ನಡುಗಿದ್ದು ದಳವಾಯಿಯ ಭಾವಕಿ ಅವನ ಮೇಲೆ ಅವಿಶ್ವಾಸದ ಠರಾವು ತಂದಾಗ. ಭಾವಕಿ ಎಂದರೆ ಒಂದೇ ಬಳ್ಳಿಯ ಅಣ್ಣತಮ್ಮಂದಿರು. ಶತ್ರುವಿನ ಹಡಗಿಗಿಂತ ಇವರು ಎಷ್ಟು ಅಪಾಯವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಸಹಿ ಮಾಡಿದ್ದಷ್ಟೇ ಅಲ್ಲ, ಅಧಿಕಾರ ಬಿಡುವತನಕ ದಳವಾಯಿಯ ಹಡಗಿಗೆ ಗಾಳಿ ಬಿಡಬಾರದೆಂದು ಕೊಳವೆಯನ್ನೇ ಕಟ್ಟಿಬಿಟ್ಟರು. ಬಿಳೂರಿನಿಂದ ತವರಿಗೆ ಬಂದಿದ್ದ ಒಬ್ಬಳು ಕಣ್ಣೀರು ತಂದುಕೊಂಡು ಕೇಳಿದಳು.

"ಇನ್ನ ಎಷ್ಟ ದಿನದ ಉಸರ ಉಳದದರಿ ಅವನ ಹಂತ್ಯಾಕ?"

"ಎರಡ ದಿನದ್ದು," ಎಂದು ಅತ್ತೆ ಕೋಲಿನಿಂದ ಸ್ವಿಚ್ಚು ಒತ್ತಿದಳು.

ಮರುದಿನ ಹೆಂಗಸರು ಏನು ಮಾಡಿದರು ಗೊತ್ತೇ? ಎಲ್ಲರೂ ಕೂಡಿ ಬಸವಣ್ಣನ ಗುಡಿಗೆ ಹೋಗಿ ಹರಕೆ ಹೊತ್ತರು. ದಳವಾಯಿಯ ಜೀವ ಉಳಿದರೆ ಹನ್ನೊಂದು ತೆಂಗಿನಕಾಯಿ.

"ಯಾರ ಹೆಸರಿನ ಮ್ಯಾಲ?" ಎಂದು ಪೂಜಾರಿ ಕೇಳಿದನಂತೆ.

"ದಳವಾಯಿ ಹೆಸರಿನ ಮ್ಯಾಲ್ರಿ."

"ಯಾ ಊರಾವ?"

"ಊರ ಇಲ್ರಿ. ಮ್ಯಾಲೇ ಇರ್ತಾನ."

ಪೂಜಾರಿ ಮುಖ ಸಣ್ಣದು ಮಾಡಿ, ಸತ್ತವರ ಮನೆಯಲ್ಲಿ ಹೇಳುವಂಥ ಸಮಾಧಾನದ ನಾಲ್ಕು ಮಾತು ಹೇಳಿದ. ಅದನ್ನು ಕೇಳಿ ಹೆಂಗಸರಿಗೆ ಇನ್ನಷ್ಟು ಹೆದರಿಕೆಯಾಗಿ ಹನ್ನೊಂದಕ್ಕೆ ಇಪ್ಪತ್ತೊಂದು ಮಾಡಿದರು.

ಸುದ್ದಿ ಮುಟ್ಟಿದಾಗ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದಳು. "ತಮ್ಮಾ, ಇವರು ದೇವರ ಮಟಾ ಹೋಗ್ಯಾರ. ಇನ್ನ ಅಂವ ಸತ್ರ ಆ ಪಾಪ ನನ್ನ ಮ್ಯಾಲೇ ಬರ್ತದ." ಅಂದೇ ಗಾಳಿಯ ಕೊಳವೆ ಬಿಚ್ಚಿಸಿದಳು. ಗಿರಣಿಯ ಬಾಗಿಲಲ್ಲಿ ಇಪ್ಪತ್ತೊಂದು ಕಾಯಿ ಒಡೆದವು. ಅಂದಿನಿಂದ ದಳವಾಯಿಗೆ ಏನೇ ಕುತ್ತು ಬಂದರೂ ಕೂದಲೆಳೆಯಲ್ಲಿ ಪಾರಾಗುತ್ತಾನೆ. ಅವನನ್ನು ಕೊಲ್ಲುವ ಧೈರ್ಯ ಅವನನ್ನು ಹುಟ್ಟಿಸಿದವಳಿಗೇ ಇಲ್ಲ.

ಇಂಥವಳಿಗೆ ನನ್ನ ಗಂಟಲಿನ ಸುದ್ದಿ ಹೇಳುವುದು ಹೇಗೆ? ಗಿರಣಿ ತಿರುಗುತ್ತಿರುವಾಗಲೇ ಹೇಳಿದೆ, ಅರ್ಧ ಕೇಳಿಸದೆ ಹೋಗಲಿ ಎಂದು. ಪೂರ್ತಿ ಕೇಳಿಸಿತು. ಕೋಲು ಹುಡುಕದೆ ಬರಿಗೈಯಲ್ಲೇ ಸ್ವಿಚ್ಚು ಆರಿಸಿದಳು. ಯಾರದೋ ಜೋಳ ಕಲ್ಲಿನ ಒಳಗೇ ಉಳಿಯಿತು.

"ದನಿ ಹೋದ್ರ?"

"ಹೋದ್ರ ಹೋತು. ಹಲಗಿ ಮ್ಯಾಲ ಬರದು ಕಲಸ್ತೀನಿ," ಎಂದೆ.

ಅಂದಿನಿಂದ ದಳವಾಯಿ ಕಾಣೆಯಾದ. ಹೆಂಗಸರು ಕೇಳಿದರೆ, "ಹಡಗ ಕತ್ತಲಿಗೆ ಹೋಗ್ಯಾದ, ಏನೂ ಕಾಣವಲ್ದು" ಎನ್ನುವಳು. ಡಬ್ಬಿಗಳು ಬಂದವು, ಹೋದವು. ಸಂದಿನಲ್ಲಿ ಮಾತೇ ಇರಲಿಲ್ಲ. ಹೆಂಗಸರು ನನ್ನನ್ನು ನೋಡುತ್ತಿದ್ದ ರೀತಿ ನೋಡಿದರೆ ದಳವಾಯಿಯನ್ನು ನಾನೇ ಎಲ್ಲೋ ಬಚ್ಚಿಟ್ಟಂತಿತ್ತು.

ನನ್ನ ಅವಸ್ಥೆಯನ್ನೂ ಹೇಳಿಬಿಡುತ್ತೇನೆ. ಒಂದು ರವಿವಾರ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ನನ್ನ ದನಿ ತುಂಬಿಸಿಡಲು ಕೂತೆ. ವರ್ಣಮಾಲೆ ಹೇಳಿದೆ, ಪಾಠ ಓದಿದೆ, ಕೊನೆಗೆ ತರಗತಿಯ ಹಾಜರಿಯನ್ನೇ ಕರೆದೆ. ಪ್ರತಿ ಹೆಸರಿನ ಮುಂದೆ ಮಕ್ಕಳು 'ಹಾಜರ' ಎನ್ನಲಿ ಎಂದು ಜಾಗ ಬಿಟ್ಟು ಕರೆದೆ. ಹೊರಗೆ ಹೆಂಡತಿ ಕೇಳಿಸಿಕೊಂಡಳೆಂದು ಬಾಗಿಲು ತೆಗೆದಾಗ ಗೊತ್ತಾಯಿತು. ಹೊಸ್ತಿಲ ಮೇಲೆ ಕೂತಿದ್ದಳು. ನಾನು ನಕ್ಕೆ, ಅವಳು ನಗಲಿಲ್ಲ.

ಮಿರಜಕ್ಕೆ ಹೊರಡುವ ದಿನ ಅತ್ತೆ ಬರುವುದಿಲ್ಲ ಎಂದಳು. "ಆ ದವಾಖಾನಿ ವಾಸನಿಗೇ ನಾ ಸಾಯ್ತೀನಿ ತಮ್ಮಾ. ನನ್ನ ಕರಕೊಂಡು ಹೋದ್ರ ನಿಮಗ ಎರಡ ಖಾಟ ಬೇಕಾಗ್ತಾವ." ಅವಳು ಬರುವಳೆಂದು ಯಾರೂ ಅಂದುಕೊಂಡಿರಲಿಲ್ಲ. ಒಬ್ಬಳೇ ಜತ್ತ ದಾಟಿದವಳಲ್ಲ.

ಆಪರೇಶನ್ನಿನ ದಿನ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ, ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಇದ್ದ ಮಾತು ಮುಗಿದುಹೋದರೆ ಎಂಬ ಹೆದರಿಕೆಗೆ ಇರುವ ಮಾತೂ ಬರುತ್ತಿರಲಿಲ್ಲ. ಬಾಗಿಲು ಸರಿಯಿತು. ನೋಡಿದರೆ ಅತ್ತೆ! ಕೂದಲಲ್ಲಿ ಇನ್ನೂ ಹಿಟ್ಟಿತ್ತು.

"ಯಾರ ಜೋಡಿ ಬಂದಿ?"

"ಒಬ್ಬಾಕಿನ ಬಂದೆ."

"ನಾಕ ಮಾಳಗಿ ಹೆಂಗ ಏರಿದಿ?"

"ಲಿಫ್ಟಿನಾಗ. ಕಣ್ಣ ಮುಚ್ಚಿ ಯಾರದೋ ಕೈ ಹಿಡಕೊಂಡಿದ್ದೆ. ಯಾರೋ ಏನೋ, ಪಾಪ, ಬಿಡಿಸಿಕೊಳ್ಳಲಿಲ್ಲ."

ಸ್ಟೂಲು ಎಳೆದುಕೊಂಡು ಕೂತಳು. ಯಾರೂ ಕೇಳದೆಯೇ ಶುರು ಮಾಡಿದಳು. "ದಳವಾಯಿಗಿ ಅಂಜಿಕಿ ಆಗ್ಯಾದ."

ನಾನು ತಿರುಗಿ ನೋಡಿದೆ.

"ಶತ್ರು ಹಡಗಿನ ಬಾಗಲಿಗೇ ಬಂದಾನ. ದಳವಾಯಿ ಒಳಗ ಒಬ್ಬನ ಕುಂತಾನ. ಕತ್ತಿ ಹಿಡಿಯಾಕ ಆಗವಲ್ದು."

"ಮೂವತ್ತ ವರ್ಷ ಅಂವಗ ಅಂಜಿಕಿ ಗೊತ್ತಿಲ್ಲ ಅಂತಿದ್ದೆಲ್ಲ ಅತ್ತಿ."

"ಯಾರಿಗೂ ಹೇಳಿರಲಿಲ್ಲ ಅಂವ. ನನಗೂ ಹೇಳಿರಲಿಲ್ಲ."

ಅಷ್ಟರಲ್ಲಿ ತಳ್ಳುವ ಗಾಡಿ ಬಂತು. ನನ್ನನ್ನು ಅದರ ಮೇಲೆ ಮಲಗಿಸಿ ಹೊರಟರು. ಅತ್ತೆ ಗಾಡಿಯ ಕಂಬಿ ಹಿಡಿದು ಜೊತೆಗೇ ನಡೆಯುತ್ತ ಬಂದಳು.

"ಮುಂದ?" ಎಂದೆ.

"ಮುಂದೇನು, ಅವನ ಅತ್ತಿ ಬಂದ್ಲು. ಹೊರಗ ಬಾಗಲಾಗ ನಿಂತಾಳ."

"ದಳವಾಯಿಗಿ ಅತ್ತಿ ಎಲ್ಲಿಂದ ಬಂದ್ಲು?"

"ಮದಲಿಂದನೂ ಇದ್ಲು. ಭಾಳ ಅಂಜಬುರಕಿ, ಅದಕ್ಕ ಕತಿಯಾಗ ತಂದಿರಲಿಲ್ಲ."

ಬಾಗಿಲು ಮುಚ್ಚಿತು.

ಎಚ್ಚರವಾದಾಗ ಕುತ್ತಿಗೆಗೆ ಪಟ್ಟಿ, ಸುತ್ತ ಮುಖಗಳು. ಡಾಕ್ಟರು ಬಗ್ಗಿ, ಏನಾದರೂ ಮಾತಾಡಿ ನೋಡೋಣ ಎಂದರು. ನಾನು ಬಾಯಿ ತೆರೆಯಲಿಲ್ಲ. ತೆರೆದು ಏನೂ ಬರದಿದ್ದರೆ? ಮುಚ್ಚಿರುವತನಕವಾದರೂ ದನಿ ಇದೆ ಎಂದುಕೊಂಡಿರಬಹುದಲ್ಲ! ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಹೆಂಡತಿ ನೋಡುತ್ತಿದ್ದಳು. ಕಾಲ ಹತ್ತಿರ ಅತ್ತೆ ನಿಂತಿದ್ದಳು, ಉಸಿರೂ ಬಿಡದೆ.

"ಅತ್ತಿ," ಎಂದೆ.

ಒಡಕಲು ದನಿ, ಆದರೆ ನನ್ನದೇ. ಹೆಂಡತಿ ಅತ್ತಳು. ಅತ್ತೆ ಮಾತ್ರ ಅಳಲಿಲ್ಲ. ಹತ್ತಿರ ಬಂದು, "ಇನ್ನೊಮ್ಮೆ ಅನ್ನು" ಎಂದಳು.

"ಅತ್ತಿ."

"ಇನ್ನೊಮ್ಮೆ."

ಡಾಕ್ಟರು ತಡೆದರು. ಸಾಕು, ಗಂಟಲು ದಣಿಯುತ್ತದೆ ಎಂದರು. ನಮ್ಮ ಅತ್ತೆ ಎರಡೂ ಕೈ ಜೋಡಿಸಿ ಡಾಕ್ಟರ ಮುಖವನ್ನೇ ನೇರ ನೋಡುತ್ತ ಹೇಳಿದಳು, "ಇನ್ನೊಂದ ಸಲ ಅನ್ಲಿ ಬಿಡ್ರಿ ಸಾಹೇಬ್ರ. ನನ್ನ ಅಂಜಿಕಿ ಇನ್ನೂ ಹೋಗಿಲ್ರಿ."

ನಾನು ಇನ್ನೊಮ್ಮೆ ಅಂದೆ.