ನನ್ನ ಹೆಸರು ಅಚ್ಚಾದ ಭಾನುವಾರ

ನನ್ನ ಹೆಸರು ಪತ್ರಿಕೆಯಲ್ಲಿ ಬಂದಿದೆ. ಅದಕ್ಕೇ ನಾಲ್ಕು ದಿನದಿಂದ ಅಂಗಡಿಯ ಬಾಗಿಲು ತೆರೆದಿಲ್ಲ. ಹೆಸರು ಬಂದವರು ಎದೆಯುಬ್ಬಿಸಿ ಊರೆಲ್ಲ ತಿರುಗುತ್ತಾರಲ್ಲ, ನೀನೇಕೆ ಮುಖ ಮುಚ್ಚಿಕೊಂಡು ಕುಳಿತಿದ್ದೀ ಎಂದು ನೀವು ಕೇಳಬಹುದು. ನನಗಾದ ಆಘಾತವೇ ಅಂಥದು. ಫೋನು ಬಡಿದುಕೊಂಡರೂ ನಾನು ಎತ್ತುವುದಿಲ್ಲ.

ಗಂಗಾವತಿಯಲ್ಲಿ ನನ್ನದು ಗೊಬ್ಬರದಂಗಡಿ. ಯೂರಿಯಾ, ಡಿಎಪಿ ಮಾರುವವನು ಕವಿಯಾಗಬಾರದೆಂದು ಯಾವ ಕಾನೂನೂ ಇಲ್ಲ. (ಇದ್ದಿದ್ದರೆ ಒಳ್ಳೆಯದಿತ್ತು ಎನ್ನುವುದು ನನ್ನ ಹೆಂಡತಿ ಮಲ್ಲೇಶ್ವರಿಯ ಅಭಿಪ್ರಾಯ.) ನನ್ನ ಮಹಾಕೃತಿಯ ಹೆಸರು ‘ಕಾಲುವೆಯ ಕಣ್ಣೀರು’. ಕಾವ್ಯನಾಮ ‘ತರಂಗತಪಸ್ವಿ’. ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಅದನ್ನು ಕಳಿಸಿದ ಮೇಲೆ ಕಾಲುವೆಗೆ ಎಷ್ಟು ಸಲ ನೀರು ಬಿಟ್ಟರೋ, ಎಷ್ಟು ಸಲ ನಿಲ್ಲಿಸಿದರೋ, ರೈತರು ಎಷ್ಟು ಬೆಳೆ ತೆಗೆದರೋ, ನನ್ನ ಕವಿತೆ ಮಾತ್ರ ಮೊಳಕೆಯೊಡೆಯಲಿಲ್ಲ. ಪ್ರತಿ ಭಾನುವಾರ ಬಸ್ ನಿಲ್ದಾಣಕ್ಕೆ ಹೋಗುವುದು, ಪುರವಣಿಯನ್ನು ನಿಂತಲ್ಲೇ ತಿರುವಿ ಹಾಕುವುದು, ಅದರಲ್ಲಿ ಬಂದ ಕವಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬರುವುದು ನನ್ನ ವ್ರತವಾಗಿತ್ತು. ಅಚ್ಚಿನಲ್ಲಿ ಒಂದೇ ಒಂದು ಸಲ ಆ ಕವಿತೆಯನ್ನು ನೋಡಬೇಕು, ನನಗಿದ್ದುದು ಅದೊಂದೇ ಆಸೆ.

ಹೋದ ವಾರ ನಾನು ಸ್ನಾನಕ್ಕೆ ಹೋದಾಗ ಫೋನು ಬಂತು. ಮೈ ಒರೆಸಿಕೊಂಡು ಹೊರಗೆ ಬಂದರೆ, ಮಲ್ಲೇಶ್ವರಿ ರೊಟ್ಟಿ ಬಡಿಯುತ್ತಲೇ ಸುದ್ದಿ ಹೇಳಿದಳು. ಯಾವುದೋ ಪೇಪರಿನವರಂತೆ. ತರಂಗತಪಸ್ವಿಯವರ ನಿಜವಾದ ಹೆಸರೇನು ಎಂದು ಕೇಳಿದರಂತೆ. ಇವಳು ಹೇಳಿದಳಂತೆ. ನನ್ನ ಕೈಯಲ್ಲಿದ್ದ ಟವೆಲು ಜಾರಿತು.

“ಸರಿಯಾಗಿ ಹೇಳಿದಿ ಇಲ್ಲ?” ಎಂದೆ.

“ಹೇಳೂ ಹಂಗ ಹೇಳೇನ್ರಿ. ಅವ್ರಿಗೆ ಭಾಳ ಖುಷಿ ಆತು. ಇನ್ನೊಮ್ಮೆ ಹೇಳ್ರಿ ಅಂತ ಬರಕೊಂಡ್ರು. ಬರೂ ಐತ್ವಾರ ಹಾಕ್ತಾರಂತ. ನನ್ನ ಹೆಸರೂ ಕೇಳಿದ್ರು.”

ದೊಡ್ಡಬಸಪ್ಪ ಎಂಬ ಹೆಸರಿನಲ್ಲಿ ಸಂಪಾದಕರೊಬ್ಬರು ಅಷ್ಟು ಖುಷಿಪಡುವಂಥದ್ದು ಏನಿದೆ ಎಂದು ನಾನು ಅಲ್ಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕಾಲು ನೆಲದ ಮೇಲಿದ್ದರೆ ತಾನೆ?

ಆ ವಾರ ಗೊಬ್ಬರಕ್ಕೆ ಬಂದ ರೈತರಿಗೆಲ್ಲ ಭಾನುವಾರ ಬೆಳಿಗ್ಗೆ ಪಕ್ಕದ ಮಕ್ಬುಲಸಾಬನ ಚಹಾದಂಗಡಿಗೆ ಬರಬೇಕೆಂದು ಆಹ್ವಾನ ಕೊಟ್ಟೆ. ಶ್ರೀರಾಮನಗರದಿಂದ ಒಂದು ಟಂಟಂ ಗಾಡಿ ತುಂಬ ಜನ ಬಂದರು. (ಚಹಾ ನನ್ನ ಲೆಕ್ಕದಲ್ಲಿ ಎಂದು ಹೇಳಿದ್ದೆ.) ಬಸ್ ನಿಲ್ದಾಣದಲ್ಲಿದ್ದ ಅಷ್ಟೂ ಪುರವಣಿಗಳನ್ನು ಬಗಲಲ್ಲಿ ಹಿಡಿದು ತಂದೆ, ಆದರೆ ಬಿಚ್ಚಿ ನೋಡಲಿಲ್ಲ. ಸ್ವಂತ ಕವಿತೆಯನ್ನು ತಾನೇ ಹುಡುಕುವುದು ಕವಿಯ ಘನತೆಗೆ ಕುಂದು ಎಂದುಕೊಂಡು, ಒಂದನ್ನು ಮಕ್ಬುಲಸಾಬನ ಕೈಗಿತ್ತು, ನನ್ನ ಹೆಸರು ಎಲ್ಲಿದೆಯೋ ಅದನ್ನು ಗಟ್ಟಿಯಾಗಿ ಓದು ಎಂದು ಕಣ್ಣು ಮುಚ್ಚಿ ಕುಳಿತೆ. ಅವನು ಪುಟ ತಿರುವಿದ, ಕನ್ನಡಕ ಸರಿಪಡಿಸಿಕೊಂಡ, ಓದಿದ:

‘ಜ್ವಾಳದ ರೊಟ್ಟಿ, ಎಣಗಾಯಿ ಪಲ್ಯ, ಹೋಳಿಗಿ ಮ್ಯಾಲ ತುಪ್ಪ,
ಉಣ್ಣಾಕ ಕರದ್ರ ಕವಿತಾ ಬರೀತಾರ ನಮ್ಮನಿ ದೊಡ್ಡಬಸಪ್ಪ.’

ಕಣ್ಣು ತಾನಾಗಿಯೇ ತೆರೆಯಿತು. ಪೇಪರು ಕಸಿದುಕೊಂಡೆ. ಚಂದದ ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ ಅದೇ ಎರಡು ಸಾಲು. ಕೆಳಗೆ ‘ಮಲ್ಲೇಶ್ವರಿ, ಗಂಗಾವತಿ’. ಮೇಲೆ ಸಂಪಾದಕರ ಟಿಪ್ಪಣಿ: ಕವಿಯೊಬ್ಬರ ಹೆಸರು ಕೇಳಲು ಫೋನ್ ಮಾಡಿದೆವು, ಅವರ ಪತ್ನಿ ಒಡಪು ಹೇಳಿದರು. ಪುಟ ಹಿಂದೆ ಮುಂದೆ ಮಾಡಿದೆ, ಮೂಲೆ ಮೂಲೆ ತಡಕಿದೆ. ‘ಕಾಲುವೆಯ ಕಣ್ಣೀರು’ ಒಂದು ಹನಿಯೂ ಇರಲಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಉಚ್ಚರಿಸುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಸರು ಹೇಳು ಎಂದು ಗಂಟುಬಿದ್ದರೆ, ಪ್ರಾಸ ಕಟ್ಟಿ ಒಡಪು ಹಾಕಿ, ಅದರ ತುದಿಗೆ ಹೆಸರು ಸಿಕ್ಕಿಸುತ್ತಾರೆ. ಬೇವೂರಿನ ಮಗಳಾದ ನನ್ನ ಹೆಂಡತಿ ಇದರಲ್ಲಿ ಪ್ರಚಂಡೆ. ಆದರೆ ಪತ್ರಿಕಾ ಕಚೇರಿಗೂ ಒಡಪು ಹೇಳುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಜನ ಬಿದ್ದು ಬಿದ್ದು ನಕ್ಕರು. ಮಕ್ಬುಲಸಾಬನೊಬ್ಬನೇ ನಗಲಿಲ್ಲ. “ಸಾವ್ಕಾರ್ರ, ನಿಮ್ಮ ಕವಿತಾ ಇಷ್ಟು ಛಲೋ ಇರ್ತಾವಂತ ನನಗ ಗೊತ್ತs ಇದ್ದಿಲ್ಲ ನೋಡ್ರಿ” ಎಂದು ನನ್ನ ಕೈ ಹಿಡಿದುಕೊಂಡ. ಇಷ್ಟು ವರ್ಷ ನನ್ನ ಕವಿತೆಗಳನ್ನೆಲ್ಲ ಕೇಳಿದ ಮನುಷ್ಯ ಅವನು.

ಮನೆಗೆ ಬಂದು ಕೂಗಾಡಿದೆ. ಹೆಸರು ಕೇಳಿದರೆ ಹೆಸರಷ್ಟೇ ಹೇಳಬೇಕಲ್ಲವೇ ಎಂದೆ. ಅವಳು ನನ್ನನ್ನು ನೋಡಿದ ರೀತಿಯೇ ತಪ್ಪೆಲ್ಲ ನನ್ನದೇ ಎನಿಸುವಂತಿತ್ತು.

“ಗುರುತಿಲ್ಲದ ಗಂಡಸಿನ ಮುಂದ ನಿಮ್ಮ ಹೆಸರು ಬರೇ ಹೆಂಗ ಹೇಳ್ಲಿ? ಗಂಡ ಅಂದಮ್ಯಾಲ ಮರ್ಯಾದಿ ಬ್ಯಾಡೇನ್ರಿ?”

(ಈ ಮರ್ಯಾದೆ ದಿನದ ಉಳಿದ ಹೊತ್ತಿನಲ್ಲಿ ಎಲ್ಲಿ ಹೋಗಿರುತ್ತದೋ ನನಗಂತೂ ತಿಳಿಯದು.)

ಸಂಪಾದಕರಿಗೇ ಫೋನು ಹಚ್ಚಿದೆ. ಅವರು ಬಹಳ ವಿನಯದಿಂದ ಮಾತಾಡಿದರು. ನನ್ನ ಕವಿತೆ ಮೇಜಿನ ಮೇಲೇ ಇದೆಯಂತೆ. ತುಸು ಉದ್ದವಾಯಿತಂತೆ. “ಮೇಡಂ ಅವರಿಗೊಮ್ಮೆ ಓದಿ ಹೇಳಿ ಸರ್, ಚಿಕ್ಕದು ಮಾಡಿಕೊಡುತ್ತಾರೆ” ಎಂದರು. ಗೊಬ್ಬರದ ಚೀಲವೊಂದು ಮೈಮೇಲೆ ಬಿದ್ದಂತಾಯಿತು. ಆದರೂ ಆಸೆ ನೋಡಿ. ಅಚ್ಚಾಗುವುದಾದರೆ ಯಾರ ಕಾಲಾದರೂ ಹಿಡಿಯಲು ಸಿದ್ಧನಿದ್ದೆ. ಸಂಜೆ ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಕುಳಿತು ಕವಿತೆ ಓದತೊಡಗಿದೆ. ಮದುವೆಯಾದ ಮೇಲೆ ನನ್ನ ಒಂದು ಕವಿತೆಯನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು. ಕೊನೆಯ ಸಾಲುಗಳನ್ನು ಇನ್ನಷ್ಟು ಎಳೆದೆಳೆದು ಓದಿದೆ.

‘ಹರೆಯದಾ ದಿನಗಳಲಿ ಕಾಲುವೆಯ ದಂಡೆಯಲಿ ಕಾದೆ,
ನೀರು ಬಂತು, ನೀನು ಬರಲಿಲ್ಲ.’

ಸೊಪ್ಪು ಬಿಡಿಸುವ ಕೈ ನಿಂತಿತು. ಮೆಚ್ಚಿದಳು ಎಂದುಕೊಂಡೆ.

“ಈ ‘ನೀನು’ ಅಂದ್ರ ಯಾರ್ರಿ?” ಎಂದಳು.

ನಿಮ್ಮಾಣೆ, ಯಾರೂ ಇಲ್ಲ. ಕವಿತೆ ಎಂದಮೇಲೆ ಒಬ್ಬಳು ‘ನೀನು’ ಇರಬೇಕು, ಅವಳು ಬರಬಾರದು, ಅದೊಂದು ಪದ್ಧತಿ ಎಂದು ಹಾಕಿದ್ದೆ. ಹಾಗೆಂದೇ ಹೇಳಿದೆ. ಯಾರೂ ಅಲ್ಲದವಳಿಗಾಗಿ ಇಷ್ಟುದ್ದ ಅಳುವವರುಂಟೇ ಎಂದು ಕೇಳಿದಳು. ಗಾಬರಿಯಲ್ಲಿ, ನೀನೇ ಅವಳು ಎಂದುಬಿಟ್ಟೆ. ಹೇಳಬಾರದಿತ್ತು.

“ಹರೇದಾಗ ನಾ ಬೇವೂರಾಗಿದ್ದೆ. ಬೇವೂರಾಗ ಕಾಲುವಿ ಎಲ್ಲೈತ್ರಿ? ಮಳಿ ಬಂದ್ರ ನೀರು, ಇಲ್ಲಂದ್ರ ಇಲ್ಲ. ನಿಮ್ಮನ್ನ ನೋಡಿದ್ದs ಮದಿವಿ ಚಪ್ಪರದಾಗ.” ಅವಳ ದನಿ ಮೆಲ್ಲಗಿತ್ತು, ನಾನು ಕವಿತೆಯ ಹಾಳೆ ಮಡಿಚತೊಡಗಿದೆ. “ಕಾಲುವಿ ದಂಡಿ ಮ್ಯಾಲ ಯಾರನ್ನ ಕಾಯ್ತಿದ್ರಿ, ಅಷ್ಟು ಹೇಳ್ರಿ ಸಾಕು.”

ಆಗಿನಿಂದ ಮನೆಯಲ್ಲಿ ಊಟ ಸಿಗುತ್ತದೆ, ಮಾತು ಸಿಗುವುದಿಲ್ಲ. ಕವಿತೆಯನ್ನು ವಾಪಸು ತೆಗೆದುಕೊಂಡುಬಿಡೋಣ, ಕಣ್ಣಿಂದ ಮರೆಯಾದರೆ ಇವಳು ಮರೆತಾಳು ಎಂದುಕೊಂಡು ಇವತ್ತು ಬೆಳಿಗ್ಗೆ ಮತ್ತೆ ಸಂಪಾದಕರಿಗೆ ಫೋನು ಮಾಡಿದೆ. ದಯವಿಟ್ಟು ಅದನ್ನು ಹಾಕಬೇಡಿ, ಕೈಮುಗಿಯುತ್ತೇನೆ ಎಂದೆ. ಅಷ್ಟು ವರ್ಷ ಕಾದವನ ಬಾಯಲ್ಲಿ ಇಂಥ ಮಾತು ಬಂತಲ್ಲ ಎಂದು ನನಗೇ ದಿಗಿಲಾಯಿತು.

“ಬೇಸರ ಮಾಡಿಕೊಳ್ಳಬೇಡಿ ಸರ್” ಎಂದು ಅವರು ನಕ್ಕರು. “ಅವತ್ತು ನಿಮ್ಮ ಮನಸ್ಸು ನೋಯಿಸಿದೆ ಅನ್ನಿಸಿತು. ಜಾಹೀರಾತು ಒಂದು ತಪ್ಪಿ ಅರ್ಧ ಪುಟವೂ ಖಾಲಿ ಬಿತ್ತು. ಒಂದು ಅಕ್ಷರ ಬಿಡದೆ ಪೂರ್ತಿ ಹಾಕಿದ್ದೇವೆ. ಈ ಭಾನುವಾರದ ಪುರವಣಿ ನಿನ್ನೆಯೇ ಅಚ್ಚಾಯಿತು.”

ಫೋನು ಇಡುವಷ್ಟರಲ್ಲಿ ಮಲ್ಲೇಶ್ವರಿ ಒಳಗಿನಿಂದ ಬಂದು ನಾಲ್ಕು ದಿನದ ಮೇಲೆ ಮೊದಲ ಮಾತಾಡಿದಳು. ಭಾನುವಾರ ಬೇವೂರಿನಿಂದ ಅವಳ ಅಪ್ಪ, ಅಣ್ಣಂದಿರು ಎಲ್ಲ ಬರುತ್ತಿದ್ದಾರಂತೆ. ಅಳಿಯನ ಕವಿತೆಯನ್ನು ಅಳಿಯನ ಬಾಯಿಂದಲೇ ಕೇಳಬೇಕಂತೆ.