ಲಕ್ಷಕ್ಕೊಬ್ಬರು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅವಳು ಹಾಲು ಕಾಯಿಸಿದಳು, ತಲೆ ಬಾಚಿದಳು, ಬಾಗಿಲಿಗೆ ಬೀಗ ಹಾಕಿದಳು. ಮುಖಕ್ಕೆ ಕ್ರೀಮು ಹಚ್ಚುವುದೊಂದನ್ನು ಮರೆತಳು. ಆ ದಿನದ ಅನಾಹುತಕ್ಕೆಲ್ಲ ಅಷ್ಟೇ ಕಾರಣ.

ಕ್ರೀಮಿನ ಅಡಿಯಲ್ಲಿ ಒಂದು ಗುಟ್ಟಿತ್ತು. ಕೆನ್ನೆಯ ಮೇಲಿನ ಭಂಗು ತೆಗೆಸಲು ಕೆಲವು ತಿಂಗಳ ಹಿಂದೆ ಅವಳು ಲೇಸರ್ ಮಾಡಿಸಿಕೊಂಡಿದ್ದಳು. ಕ್ಲಿನಿಕ್ಕಿನ ಬೋರ್ಡಿನ ಮೇಲೆ ಒಂದೂ ಕಲೆಯಿಲ್ಲದ ಚಂದ್ರ ನಗುತ್ತಿದ್ದ. ಆ ಸಂಜೆ ಮುಖ ಉರಿದು ಫೋನು ಮಾಡಿದರೆ, "ಮೊದಲೆಲ್ಲ ಪೇಷಂಟ್‌ಗಳಿಗೆ ಐಸ್ ಚೀಲ ನಾವೇ ಕೊಡ್ತಿದ್ವಿ ಮೇಡಂ, ಈಗ ನಿಲ್ಲಿಸಿದ್ದೀವಿ" ಎಂಬ ಸಾಂತ್ವನ ಸಿಕ್ಕಿತು. ಗಂಡ ಮೆಟ್ಟಿಲು ಹತ್ತಿ ಓಡಿ, ಹೂವಿನ ಬಟ್ಟೆಯ ಗವಸು ತೊಡಿಸಿದ್ದ ಐಸ್ ಚೀಲವೊಂದನ್ನು ಮೇಲಿನ ಮನೆಯಿಂದ ಕೇಳಿ ತಂದಿದ್ದ. "ವಾಪಸ್ ಕೊಡ್ಬೇಕು, ಮರೀಬೇಡ" ಎಂದು ಬಾಯಿ ಮುಚ್ಚಿಕೊಂಡಿದ್ದ. ಅದೇ ವಿಶೇಷ. ಅವನು ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ. ಉಡುಗೊರೆ ಕೊಳ್ಳಲು ಹೊರಡುವಾಗಲೇ ಅದರ ಬಣ್ಣ ಹೇಳಿಬಿಡುತ್ತಿದ್ದ.

ಲೇಸರ್ ಭಂಗನ್ನು ತೆಗೆಯಿತು. ಹೋಗುವಾಗ ಅವಳ ಸ್ವಂತ ಬಣ್ಣವನ್ನೂ ಜೊತೆಗೆ ಒಯ್ದಿತು. ಸುಣ್ಣ ಬಳಿಯುವವನು ಕುಂಚ ಒರೆಸಿ ಹೋದ ಹಾಗೆ ಎರಡು ಕಣ್ಣಿನ ಕೆಳಗೂ ಉದ್ದನೆಯ ಬಿಳಿ ಗೆರೆಗಳು ಮೂಡಿದವು. "ಲಕ್ಷಕ್ಕೊಬ್ಬರಿಗೆ ಹೀಗಾಗುತ್ತೆ" ಎಂದರು ಡಾಕ್ಟರು, ಬಹುಮಾನ ಘೋಷಿಸುವವರ ದನಿಯಲ್ಲಿ.

ಆ ಬೆಳಿಗ್ಗೆ ಮೆಟ್ಟಿಲಿನಲ್ಲಿ ಮೇಲಿನ ಮನೆಯ ಕಣ್ಣೀರಮ್ಮ ಎದುರಾದರು. ಅವರ ನಿಜವಾದ ಹೆಸರು ಅವರಿಗೇ ಮರೆತಿತ್ತೋ ಏನೋ. ಗಂಡ ತೀರಿಕೊಂಡಾಗ ಅತ್ತೂ ಅತ್ತೂ ಅವರ ಕೆನ್ನೆಯ ಬಣ್ಣವೇ ತೊಳೆದುಹೋಯಿತೆಂದು ಕಟ್ಟಡದಲ್ಲೆಲ್ಲ ಖ್ಯಾತಿ. ಅತ್ತೆಯಂದಿರು ಸೊಸೆಯರಿಗೆ ಆ ಬಿಳಿ ಗೆರೆಗಳನ್ನು ತೋರಿಸಿ, "ನೋಡಿ ಕಲಿ" ಅನ್ನುತ್ತಿದ್ದರು. ದೊಡ್ಡವರ ದುಃಖವನ್ನು ಅನುಮಾನಿಸುವುದುಂಟೆ? ಅವಳೂ ಅನುಮಾನಿಸಿರಲಿಲ್ಲ.

ಕಣ್ಣೀರಮ್ಮ ಅವಳ ಮುಖ ನೋಡಿ ಒಂದು ಕ್ಷಣ ಗರಬಡಿದವರಂತೆ ನಿಂತರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಬನ್ರೇ, ನೋಡ್ರೇ! ಈ ಹುಡುಗಿ ಅಳಲೇ ಇಲ್ಲ, ಕಲ್ಲು ಅಂದ್ರಲ್ಲ! ನನ್ನ ಹಾಗೇ ಕೆನ್ನೆ ತೊಳ್ಕೊಂಡಿದಾಳೆ!" ಎಂದು ಕೂಗಿದರು.

ಬಾಗಿಲುಗಳು ತೆರೆದವು. ಮೂರು ದಿನದಿಂದ ಅವಳನ್ನು ಕಲ್ಲು ಎಂದಿದ್ದ ಬಾಯಿಗಳೇ "ಅಯ್ಯೋ ಕಂದಾ" ಎಂದವು. ನಿಜಕ್ಕೂ ಅವಳಿಗೆ ಒಂದು ಹನಿಯೂ ಬಂದಿರಲಿಲ್ಲ. ಗಂಡ ಬದುಕಿದ್ದಾಗ ಚೆಂದ ಕಾಣಲು ಲೇಸರ್ ಮಾಡಿಸಿಕೊಂಡೆ ಎಂದರೆ ಕಲ್ಲಿನ ಜೊತೆ ಇನ್ನೇನೇನು ಸೇರುತ್ತದೋ ಎಂದು ಸುಮ್ಮನೆ ಇಳಿದು ಹೋದಳು.

ಪಠ್ಯಪುಸ್ತಕ ಅಚ್ಚು ಮಾಡುವ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಅವಳಿಗೆ ಬೇಕಾಗಿದ್ದುದು ಅದೊಂದೇ, ಸಂಜೆಯವರೆಗೆ ಬೇರೆಯವರ ತಪ್ಪು ನೋಡುತ್ತ ಕೂರುವುದು. ಮನೆಯಲ್ಲಿ ಊಟದ ಮೇಜಿಗೆ ಎರಡು ಕುರ್ಚಿಗಳಿದ್ದವು. ಎರಡನೆಯದನ್ನು ಹಗಲಿಡೀ ನೋಡುವುದು ಅವಳ ಕೈಲಾಗುತ್ತಿರಲಿಲ್ಲ.

ಆದರೆ ಸುದ್ದಿಗೆ ಅವಳಿಗಿಂತ ಮುಂಚಿನ ಬಸ್ಸು ಸಿಕ್ಕಿತ್ತು. ಅದೇ ಕಟ್ಟಡದಲ್ಲಿದ್ದ ಟೈಪಿಸ್ಟು ಅದನ್ನು ತಂದು ಮುಟ್ಟಿಸಿದ್ದಳು.

"ಕೂತ್ಕೊಳ್ಳಿ ಅಮ್ಮಾ," ಎಂದರು ಮ್ಯಾನೇಜರು, ಒಡೆಯುವ ಸಾಮಾನು ಇಡುವವರಂತೆ. "ಕಣ್ಣು ಕಾಣುತ್ತಾ?"

"ಕಾಣುತ್ತೆ ಸರ್."

"ಇದೆಷ್ಟು?"

"ಮೂರು ಬೆರಳು. ಒಂದರ ಉಗುರು ಕತ್ತರಿಸಿಲ್ಲ."

"ಪಾಪ, ಎಷ್ಟು ಧೈರ್ಯ ತಂದ್ಕೊಂಡು ಮಾತಾಡ್ತಿದಾರೆ!" ಎಂದು ಅವರು ಕಣ್ಣೊರೆಸಿಕೊಂಡು, ಕರಡಿನ ಕಟ್ಟನ್ನು ಟೈಪಿಸ್ಟಳ ಮೇಜಿಗೆ ಸಾಗಿಸಿದರು. ಅಲ್ಪವಿರಾಮಗಳನ್ನು ಉಪ್ಪಿನಂತೆ ರುಚಿಗೆ ತಕ್ಕಷ್ಟು ಉದುರಿಸುವ ಹುಡುಗಿ ಅವಳು. "ಅಷ್ಟು ಅತ್ತ ಕಣ್ಣಿಗೆ ಸಣ್ಣಕ್ಷರ ಬೇಡ. ಮನೇಲಿರಿ."

ಮನೇಲಿರಿ ಎಂಬ ಮಾತು ಕೇಳಿ ಅವಳ ಭಯವೆಲ್ಲ ಹಾರಿಹೋಯಿತು. ಮರ್ಯಾದೆ ಹೋದರೆ ಹೋಗಲಿ.

"ಸರ್, ಇದು ಕಣ್ಣೀರಲ್ಲ. ಲೇಸರ್. ನಾನು ಅತ್ತೇ ಇಲ್ಲ."

ಮ್ಯಾನೇಜರು ಕರವಸ್ತ್ರ ಮಡಚಿ ಜೇಬಿಗಿಟ್ಟರು.

"ಹಾಗಾದ್ರೆ ಅಕ್ಕಾ," ಎಂದಳು ಟೈಪಿಸ್ಟು, "ಕಣ್ಣೀರಮ್ಮಂದು?" ಉತ್ತರಕ್ಕೆ ಕಾಯದೆ ಅವರಿಗೇ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ವಿಷಯ ಕೇಳಿ ಆಚೆ ಕಡೆ ಒಂದು ದೀರ್ಘ ಉಸಿರು. ಆಮೇಲೆ ಕಣ್ಣೀರಮ್ಮನ ಗದ್ಗದ ಕಂಠ: "ದುಃಖ ತಲೆಗೇರಿದೆ ಕಣಮ್ಮ. ಮೊದಲು ಅಳು, ಆಮೇಲೆ ಬಡಬಡಿಕೆ. ಒಂದು ತಿಂಗಳು ಅವಳ ಕೈಗೆ ಕೆಲಸ ಕೊಡ್ಬೇಡಿ ಅಂತ ಹೇಳು ನಿಮ್ಮ ಸಾಹೇಬ್ರಿಗೆ."

ಅನುಭವಸ್ಥರ ಮಾತು. ರಜೆ ಅಲ್ಲೇ ಮಂಜೂರಾಯಿತು.

ಬೀದಿ ಸುತ್ತಿ ಸಂಜೆ ಮನೆಗೆ ಬಂದವಳು ಎರಡನೆಯ ಕುರ್ಚಿಗೆ ಬೆನ್ನು ಹಾಕಿ ಫ್ರಿಜ್ಜು ತೆರೆದಳು. ಮೂಲೆಯಲ್ಲಿ ಆ ಐಸ್ ಚೀಲ ಹಿಮಗಟ್ಟಿ ಕೂತಿತ್ತು. ಕಣ್ಣೀರಮ್ಮನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವರ ವಸ್ತು ಅವರಿಗೆ. ಕೊಡುವ ಮುಂಚೆ ಒಗೆಯೋಣವೆಂದು ಗವಸು ಕಳಚಿದಳು. ಚೀಲದ ಮೇಲೆ, ಅರ್ಧ ಅಳಿಸಿದ್ದರೂ ಗುರುತು ತಪ್ಪದ ಹಾಗೆ, ಕ್ಲಿನಿಕ್ಕಿನ ಬೋರ್ಡಿನ ಅದೇ ಕಲೆಯಿಲ್ಲದ ಚಂದ್ರ ನಗುತ್ತಿದ್ದ.

ಲಕ್ಷಕ್ಕೊಬ್ಬರಲ್ಲಿ ಇಬ್ಬರು ಒಂದೇ ಮೆಟ್ಟಿಲು ಹತ್ತುತ್ತಿದ್ದರು.

ಅವಳು ಮೇಲೆ ಹೋಗಿ ಬಾಗಿಲು ತಟ್ಟಿ, ಚಂದ್ರನ ಮುಖ ಮೇಲೆ ಮಾಡಿ ಚೀಲವನ್ನು ಚಾಚಿದಳು. ಕಣ್ಣೀರಮ್ಮ ಅದನ್ನು ನೋಡಿ, ಮೆಟ್ಟಿಲಿನತ್ತ ನೋಡಿ, ದನಿ ತಗ್ಗಿಸಿದರು.

"ನಿನ್ನ ಗಂಡ ಹೇಳಿದ್ನಾ?"

"ಇಲ್ಲ."

"ಉರಿ ಉರಿ ಅಂತ ಓಡಿ ಬಂದ. ಪಾಪ ಅನ್ನಿಸ್ತು, ಕೊಟ್ಟೆ. ಗವಸು ತೆಗೆದು ನೋಡೇಬಿಟ್ಟ. ನಿನಗೂ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡಿದ್ದೆ."

"ನಾಳೆ ನಮ್ಮ ಆಫೀಸಿಗೆ ನಿಜ ಹೇಳಿಬಿಡಿ ಅಮ್ಮಾ. ನನಗೆ ಕೆಲಸ ಬೇಕು."

ಕಣ್ಣೀರಮ್ಮ ಸೆರಗಿನ ತುದಿ ಹಿಂಡಿದರು. "ಆಯ್ತು ಕಣೇ, ಹೇಳ್ತೀನಿ," ಎಂದರು. ಆಮೇಲೆ, ತಮಗೇ ಎಂಬಂತೆ, "ಆ ವಾಚಾಳಿ ಇದೊಂದನ್ನ ಹೊಟ್ಟೇಲಿ ಇಟ್ಕೊಂಡ ನೋಡು. ಕೊನೇವರೆಗೂ," ಎಂದರು.

ಅವಳು ಏನೋ ಹೇಳಲು ಬಾಯಿ ತೆರೆದಳು. ಕಣ್ಣು ತುಂಬಿತು, ಬಿಕ್ಕು ಮೆಟ್ಟಿಲಿನುದ್ದಕ್ಕೂ ಕೇಳಿಸಿತು. ಬಾಗಿಲುಗಳು ಒಂದೊಂದಾಗಿ ತೆರೆದವು. ಕೆಳಗೆ ಟೈಪಿಸ್ಟು ಫೋನು ಹಿಡಿದೇ ಹೊರಬಂದಳು.

ಕಣ್ಣೀರಮ್ಮನ ಕಣ್ಣು ಮಿಂಚಿತು. ಐಸ್ ಚೀಲವನ್ನು ಸರಕ್ಕನೆ ಕಸಿದು ಸೆರಗಿನೊಳಗೆ ಸೇರಿಸಿ, ಅವಳನ್ನು ಎದೆಗವಚಿಕೊಂಡರು.

"ನೋಡ್ರೇ, ಲೇಸರಂತೆ ಲೇಸರು! ಮತ್ತೆ ಶುರುವಾಯ್ತು! ಒಂದು ತಿಂಗಳು ಎಲ್ಲಿಗೂ ಸಾಲಲ್ಲ, ಎರಡು ಅಂತ ಹೇಳಮ್ಮ ನಿಮ್ಮ ಸಾಹೇಬ್ರಿಗೆ!"

ಕಣ್ಣೀರು ಬಿಳಿ ಗೆರೆಗಳ ತಂಟೆಗೇ ಹೋಗದೆ ಮೂಗಿನ ಪಕ್ಕದಿಂದ ಬೇರೆಯೇ ದಾರಿಯಲ್ಲಿ ಇಳಿಯುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.